ಮೂರನೆಯ ಚರಣ

ಯೇನಾ,
ಮಾರ್ಚ್ 9, 1800

ಪ್ರೀತಿಯ ಹೆನ್ನಿ ಅಕ್ಕನಿಗೆ,

ನಿನಗೂ ಅಪ್ಪನಿಗೂ ಮಿನ್ನಾಳ ಮುತ್ತುಗಳು. ಉತ್ತರ ತಡವಾಯಿತೆಂದು ಬೈಯಬೇಡ. ಬೈದರೂ ಓದಿಕೊಳ್ಳಲು ನನಗೆ ಈಗ ಪುರುಸೊತ್ತಿಲ್ಲ. ಕಾಸ್ಪರನಿಗೆ ಹಲ್ಲು ಬರುತ್ತಿದೆ. ಎಚ್ಚರವಿದ್ದಾಗ ಅಳುತ್ತಾನೆಂದು ನನಗೆ ನಿದ್ದೆಯಿಲ್ಲ, ಮಲಗಿದಾಗ ಉಸಿರು ಸರಿಯಾಗಿದೆಯೋ ಇಲ್ಲವೋ ಎಂದು ನಿದ್ದೆಯಿಲ್ಲ. ನನ್ನ ಮೊದಲ ಮಗು ಲೋರೆ ಹೋದ ಮೇಲೆ ನಾನು ಹೀಗಾಗಿದ್ದೇನೆ, ನಿನಗೆ ಗೊತ್ತೇ ಇದೆ. ಮದುವೆಯಲ್ಲಿ ಅಪ್ಪ ಕೊಟ್ಟ ಸೆಕೆಂಡಿನ ಮುಳ್ಳಿನ ಗಡಿಯಾರ ಸದಾ ಸೊಂಟದಲ್ಲಿ ತೂಗಾಡುತ್ತಿರುತ್ತದೆ. ವೇಧಶಾಲೆಯಲ್ಲಿ ನಕ್ಷತ್ರ ದುರ್ಬೀನಿನ ಗೆರೆ ದಾಟುವ ಹೊತ್ತನ್ನು ಅಪ್ಪ ಅದರಲ್ಲಿ ನೋಡುತ್ತಿದ್ದರು, ನಾನು ಮಗುವಿನ ಎದೆ ಏರುವುದನ್ನು ನೋಡುತ್ತೇನೆ. ಅಪ್ಪನ ಕಣ್ಣಿನ ಪೊರೆ ಹೇಗಿದೆ? ವೈದ್ಯರು ಕತ್ತರಿಸಬೇಕೆಂದರೆ ವಸಂತದವರೆಗೆ ಕಾಯಲು ಹೇಳು, ಬೆಳಕು ಚೆನ್ನಾಗಿರುತ್ತದೆ.

ಇಲ್ಲಿಯವರೆಗಿನದನ್ನು ಅಪ್ಪನಿಗೆ ಗಟ್ಟಿಯಾಗಿ ಓದು. ಮುಂದಿನದು ನಿನಗೆ ಮಾತ್ರ.

'ಉಪಯುಕ್ತ ಸಂಜೆ' ನಿಂತುಹೋಯಿತು. ಓದುಗರು ಬಿಟ್ಟುಹೋಗಿ ನಿಂತದ್ದಲ್ಲ, ನನ್ನ ಯಜಮಾನರು ಲುಡೋಲ್ಫ್ ತಾವೇ ನಿಲ್ಲಿಸಿದರು. ಏಳು ವರ್ಷ ವಾರ ತಪ್ಪದೆ ನಡೆಸಿದ ಪತ್ರಿಕೆ ಅಕ್ಕ. ಆಲೂಗಡ್ಡೆ ಬೇಸಾಯ, ಸಿಡುಬಿನ ಚುಚ್ಚುಮದ್ದು, ಮೂಢನಂಬಿಕೆಯ ಖಂಡನೆ, ಕೊನೆಯ ಪುಟದಲ್ಲೊಂದು ನೀತಿಪದ್ಯ. ನನ್ನ ಪದ್ಯ ಬಂದದ್ದೂ ಅಲ್ಲೇ. ಚರ್ಚಿನ ಗೋಪುರಕ್ಕೆ ಹಾಕುವ ಸಿಡಿಲು ತಡೆಯುವ ಕಂಬಿಯ ಮೇಲೆ ಬರೆದದ್ದು. 'ಮನುಜನ ಬುದ್ಧಿಯು ಬಾನಿನ ಬೆಂಕಿಗೆ ಮಣ್ಣಿನ ದಾರಿಯ ತೋರಿತು' ಎಂದು ಶುರುವಾಗುತ್ತಿತ್ತು. ಆ ಪದ್ಯ ಓದಿ ತಾನೆ ಲುಡೋಲ್ಫ್ ಗಾಡಿ ಹತ್ತಿ ಗೊಟ್ಟಿಂಗೆನ್‌ಗೆ ಬಂದದ್ದು? "ಇಷ್ಟು ಸ್ಪಷ್ಟವಾಗಿ ಯೋಚಿಸೋ ಹುಡುಗೀನ ನೋಡಿಕೊಂಡು ಹೋಗೋಣ ಅಂತ ಬಂದೆ" ಎಂದು ಅಪ್ಪನ ಮುಂದೆ ಹೇಳಿದರು, ನೀನು ಬಾಗಿಲ ಹಿಂದೆ ನಿಂತು ನಕ್ಕೆ. ಈಗ ಯಾರಾದರೂ ಆ ಪದ್ಯದ ಹೆಸರೆತ್ತಿದರೆ ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಳ್ಳುತ್ತಾರೆ.

ಈ ಊರಿನಲ್ಲಿ ಈಗ ಸ್ಪಷ್ಟವಾಗಿರುವುದೇ ತಪ್ಪು. ಬೆಳಕು ಒರಟು, ನೆರಳು ಆಳ. ನಿಯಮ ಹಾಕಿಕೊಂಡು ಬರೆದರೆ ಬಡಗಿ, ಅರ್ಧಕ್ಕೆ ಬಿಟ್ಟರೆ ಕವಿ. ಪಾಳುಬಿದ್ದ ಕೋಟೆ, ಕನಸು, ಕಾಡು, ಹಳೆಯ ಕಾಲದ ಸನ್ಯಾಸಿ, ಯಾವುದಕ್ಕೆಂದು ಹೇಳಲಾಗದ ಹಂಬಲ. ಇದನ್ನೆಲ್ಲ ಶುರುಮಾಡಿದ ದೊಡ್ಡವರ ಕೂಟ ಊರಿನಲ್ಲಿ ಬೇರೆಯೇ ಇದೆ, ಅವರು ನಮ್ಮನ್ನು ಕರೆಯುವುದಿಲ್ಲ. ಅದಕ್ಕೇ ಲುಡೋಲ್ಫ್ ನಮ್ಮ ಹಜಾರದಲ್ಲೇ ಒಂದು ಚಿಕ್ಕ ಕೂಟ ಮಾಡಿಕೊಂಡಿದ್ದಾರೆ. ಇವರು, ತತ್ವಶಾಸ್ತ್ರ ಹೇಳಿಕೊಡುವ ತರುಣ ಮೆರ್ಟೆನ್ಸ್, ಮತ್ತೆ ಆ ಕುಮಾರಿ ಸಿಡೋನಿ.

ಅವಳ ವಿಷಯ ಹೇಗೆ ಬರೆಯಲಿ? ಆಸ್ಥಾನದ ಸಲಹೆಗಾರರೊಬ್ಬರ ವಿಧವೆಯ ತಂಗಿಯ ಮಗಳು. ಮದುವೆಯಿಲ್ಲ. ಕೂದಲಿಗೆ ಪುಡಿ ಹಾಕುವುದಿಲ್ಲ, ಪಿನ್ನೂ ಸರಿಯಾಗಿ ಚುಚ್ಚುವುದಿಲ್ಲ, ಅದು ಬೀಳುತ್ತಿರುತ್ತದೆ, ಲುಡೋಲ್ಫ್ ಎತ್ತಿಕೊಡುತ್ತಿರುತ್ತಾರೆ. ಸ್ವಲ್ಪ ಕೆಮ್ಮುತ್ತಾಳೆ. ಅದೂ ಚಂದವಾಗಿ. ನಾನು ನೆಗಡಿಯಾಗಿ ಕೆಮ್ಮಿದರೆ "ಕಷಾಯ ಕುಡಿ" ಎನ್ನುವ ಮನುಷ್ಯ, ಅವಳು ಕೆಮ್ಮಿದರೆ ಓದುವುದನ್ನು ನಿಲ್ಲಿಸಿ ಕಾಯುತ್ತಾರೆ, ಕೆಮ್ಮಿನಲ್ಲೂ ಏನೋ ಅರ್ಥವಿದೆ ಎನ್ನುವ ಹಾಗೆ. ಕೂಟದ ಒಳಗೆ ಎಲ್ಲರೂ ಒಬ್ಬರನ್ನೊಬ್ಬರು 'ನೀನು' ಎನ್ನಬೇಕೆಂಬುದು ನಿಯಮ. ನಾನು ಮದುವೆಯಾದಾಗಿನಿಂದ ಗಂಡನನ್ನು 'ನೀವು' ಎನ್ನುತ್ತಿದ್ದೇನೆ. ಅವಳು ಎರಡನೆಯ ವಾರದಲ್ಲೇ "ನೀನು ಓದು ಲುಡೋಲ್ಫ್" ಎಂದಳು. ನನ್ನ ಕೈಯ ಕಾಫಿ ಹೂಜಿಯ ಮುಚ್ಚಳ ಟಣ್ಣೆಂದಿತು. ಯಾರೂ ತಿರುಗಿ ನೋಡಲಿಲ್ಲ.

ಫೆಬ್ರವರಿಯಲ್ಲಿ ಅವಳು ಸಾಕಿದ ಹಾಡುಹಕ್ಕಿ ಸತ್ತಿತು. ಲುಡೋಲ್ಫ್ ಅದರ ಮೇಲೆ ಪದ್ಯ ಬರೆದು, ಹಜಾರದಲ್ಲಿ ಓದುತ್ತ, ನಡುವೆ ಅತ್ತುಬಿಟ್ಟರು. ಎಲ್ಲರೆದುರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಎದ್ದು ಒಲೆಗೆ ಸೌದೆ ಹಾಕಿದೆ.

ಈಗ 'ಉಪಯುಕ್ತ ಸಂಜೆ'ಯ ಜಾಗದಲ್ಲಿ 'ಮುಸ್ಸಂಜೆ' ಎಂಬ ವಾರ್ಷಿಕ ಸಂಕಲನ ಬರುತ್ತದಂತೆ. ಶರತ್ಕಾಲದ ಲೈಪ್ಸಿಕ್ ಪುಸ್ತಕ ಜಾತ್ರೆಗೆ ಅದು ಸಿದ್ಧವಾಗಬೇಕು. ಅಚ್ಚಿನ ಕರಡು ತಿದ್ದುವ ಕೆಲಸ ಮೊದಲಿನಂತೆ ನನ್ನದೇ. ಅಲ್ಪವಿರಾಮ ನನ್ನದು, ಆತ್ಮ ಅವರದು. ಅದರಲ್ಲಿ ನನ್ನದೊಂದು ಪದ್ಯ ಬರಬೇಕೆಂದು ನನಗೆ ಆಸೆ. ನಗಬೇಡ. ಕೇಳಿ ಹಾಕಿಸಿಕೊಳ್ಳುವುದಲ್ಲ, ಅವರೇ ಓದಿ, ಇದು ಬೇಕು ಎಂದು ಆರಿಸಬೇಕು, ಮೊದಲು ಒಮ್ಮೆ ಆರಿಸಿದ ಹಾಗೆ. ಅದಕ್ಕೇ ಚಂದ್ರನ ಮೇಲೊಂದು ಬರೆದು ಕೊಟ್ಟೆ. ಕೋಟೆಯನ್ನೂ ಸೇರಿಸಿದ್ದೆ. ಓದಿದರು. "ಚೆನ್ನಾಗಿ ಕಟ್ಟಿದ್ದೀಯ ಮಿನ್ನಾ" ಎಂದರು. ಕಟ್ಟಿದ್ದೀಯ! ಹಂದಿಯ ಕೊಟ್ಟಿಗೆಯ ಬೇಲಿಯನ್ನೂ ಚೆನ್ನಾಗಿ ಕಟ್ಟುತ್ತಾರೆ. ನಂತರ ಪಾಪ, ಮೆತ್ತಗೆ ಹೇಳಿದರು: "ನಿನ್ನ ತಪ್ಪಲ್ಲ. ನಿಮ್ಮಪ್ಪ ನಿನಗೆ ಎಣಿಸೋದು ಕಲಿಸಿದರು. ಸಿಡೋನಿ ಕೇಳಿಸಿಕೊಳ್ತಾಳೆ."

ಅವಳು ಈಗ ಏನನ್ನು ಕೇಳಿಸಿಕೊಳ್ಳುತ್ತಿದ್ದಾಳೆ ಗೊತ್ತೆ? ನಮ್ಮ ಅಡಿಗೆಮನೆಯನ್ನು. ಜನರ ಬಾಯಲ್ಲಿ ಉಳಿದ ಹಳೆಯ ಹಾಡುಗಳನ್ನು ಹುಡುಕಿ ಸಂಕಲನಕ್ಕೆ ಹಾಕಬೇಕಂತೆ. ಯಾರೂ ಬರೆಯದ ಹಾಡೇ ನಿಜವಾದ ಹಾಡಂತೆ. ಅದಕ್ಕೆ ನಮ್ಮ ಕೆಲಸದ ಡಾರ್ಟೆಯನ್ನು ಮೂಲೆಗೆ ಕೂರಿಸಿಕೊಂಡು ಹಾಡು ಹಾಡು ಎನ್ನುತ್ತಾಳೆ. ಅತ್ತ ಒಲೆಯ ಮೇಲೆ ಹಾಲು ಉಕ್ಕುತ್ತದೆ.

ಸಾಕು, ಕಾಸ್ಪರ್ ಎದ್ದ. ಅಪ್ಪನ ಕೈಗೆ ಮುತ್ತಿಡು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ
ಮಿನ್ನಾ

ಮರೆತ ಮಾತು: ಅವಳ ಕೂದಲು ನಿಜಕ್ಕೂ ಚೆನ್ನಾಗಿದೆ. ಇಷ್ಟು ಬರೆದ ಮೇಲೆ ಅದನ್ನು ಮುಚ್ಚಿಡುವುದು ಅನ್ಯಾಯ.


ಯೇನಾ,
ಜೂನ್ 22, 1800

ಪ್ರೀತಿಯ ಹೆನ್ನಿ ಅಕ್ಕ,

ಅಪ್ಪನ ಕಣ್ಣು ಒಂದಾದರೂ ತೆರೆಯಿತೆಂದು ಓದಿ ಅಡಿಗೆಮನೆಯಲ್ಲೇ ಕುಣಿದೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಬರೆಯಲು ಕೂತರೆ ಇದನ್ನೇ ಬರೆಯಬೇಕಾಗುತ್ತದೆ ಎಂದು ಮುಂದೂಡುತ್ತಿದ್ದೆ. ಕಾಸ್ಪರ್ ಆರೋಗ್ಯವಾಗಿದ್ದಾನೆ, ಎರಡು ಹಲ್ಲು. ಅಪ್ಪನಿಗೆ ಇಷ್ಟು ಸಾಕು.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಲುಡೋಲ್ಫ್ ಒಂದು ಹಾಳೆ ಹಿಡಿದು ಒಳಗೆ ಬಂದರು. ಮುಖ ಕೆಂಪಾಗಿತ್ತು. ಇಂಥದ್ದು ಇನ್ನೊಂದು ಸಿಕ್ಕುವುದಿಲ್ಲ, ಸಿಡೋನಿ ಚಿನ್ನದ ಗಣಿಗೇ ಕೈ ಹಾಕಿದ್ದಾಳೆ, ಅದೂ ನಮ್ಮ ಮನೆಯಲ್ಲೇ, ಡಾರ್ಟೆಯ ಬಾಯಲ್ಲಿ ಎಂದು ನಿಂತುಕೊಂಡೇ ಓದಿದರು:

ಗಾಳಿ ಮಲಗಿತು ಹೊಳೆಯ ಮೇಲೆ,
ಹಕ್ಕಿ ಮಲಗಿತು ಗೂಡಿನೊಳಗೆ,
ನೀನು ಮಲಗದೆ ಯಾರ ಕಾಯುವೆ?
ಮುಚ್ಚು ಕಣ್ಣನು, ಮರಿಯೆ.

ದೀಪ ಕೇಳಿತು: ಹೊರಡಲೇನು?
ಹೋಗು, ಎಚ್ಚರ ನಾನು ಇರುವೆ.
ತಾರೆ ಕೇಳಿತು: ಬರಲೆ ಒಳಗೆ?
ಬೇಡ, ಮಲಗಿದೆ ಮರಿಯು.

ಓದಿ ಮುಗಿಸಿದಾಗ ಅವರ ಕಣ್ಣಲ್ಲಿ ನೀರಿತ್ತು. ನನ್ನ ಕೈಯಲ್ಲಿ ಸೋಸುವ ಬಟ್ಟೆಯಿತ್ತು.

ಅಕ್ಕ, ಅದು ನನ್ನ ಹಾಡು.

ಬರೆದದ್ದಲ್ಲ. ಲೋರೆಯನ್ನು ಮಲಗಿಸುತ್ತ ಮಲಗಿಸುತ್ತ ಬಾಯಿಗೆ ಬಂದದ್ದು, ಕಾಗದದ ಮುಖವನ್ನೇ ಕಂಡಿಲ್ಲ. ಈಗ ಕಾಸ್ಪರನಿಗೂ ಅದನ್ನೇ ಹಾಡುತ್ತೇನೆ. ಡಾರ್ಟೆ ಲೋರೆಯ ಕಾಲದಿಂದಲೂ ನಮ್ಮಲ್ಲಿದ್ದಾಳೆ, ತೊಟ್ಟಿಲ ಪಕ್ಕದಲ್ಲಿ ಬಟ್ಟೆ ಮಡಿಸುತ್ತ ಕೇಳಿಸಿಕೊಂಡಿದ್ದಾಳೆ. ಲುಡೋಲ್ಫ್ ಕೇಳಿಲ್ಲ. ಅವರ ಓದುವ ಕೋಣೆ ಮೇಲಿದೆ, ಯೋಚನೆಗೆ ಭಂಗ ಬರಬಾರದೆಂದು ಬಾಗಿಲಿಗೆ ದಪ್ಪ ಉಣ್ಣೆಯ ಬಟ್ಟೆ ಹೊಡೆಸಿದ್ದಾರಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಇದನ್ನ ಯಾರೂ ಬರೆದಿಲ್ಲ ಮಿನ್ನಾ. ಇದು ಮರ ಬೆಳೆದ ಹಾಗೆ ಬೆಳೆದದ್ದು. ಓದಿದ ಹೆಂಗಸು ಯಾರೇ ಆಗಲಿ, ದೀಪದ ಕೈಲಿ ಹೀಗೆ ಮಾತಾಡಿಸ್ತಿರಲಿಲ್ಲ" ಎಂದರು. ಡಾರ್ಟೆಯ ಅಜ್ಜಿಯ ಅಜ್ಜಿ ಯಾವುದೋ ಬೆಟ್ಟದ ಹಳ್ಳಿಯಲ್ಲಿ, ಹೊಗೆ ತುಂಬಿದ ಗುಡಿಸಲಲ್ಲಿ ಇದನ್ನು ಹಾಡುತ್ತಿರುವುದು ಅವರ ಕಣ್ಣಿಗೆ ಕಟ್ಟುತ್ತದಂತೆ. ಅವಳ ಕೈಯ ಗೆರೆಗಳೂ ಕಾಣುತ್ತವಂತೆ. ನನ್ನ ಕೈಯನ್ನು ಅವರು ಕೊನೆಗೆ ನೋಡಿದ್ದು ಯಾವಾಗ? ಹುಟ್ಟಿಯೇ ಇಲ್ಲದ ಆ ಮುದುಕಿಯ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಕಾಫಿಯನ್ನು ಸೋಸದೆ ಹಾಗೆಯೇ ಬಟ್ಟಲಿಗೆ ಸುರಿದುಕೊಟ್ಟೆ. ಅವರು ಗಸಿ ಸಮೇತ ಕುಡಿದರು. ಗೊತ್ತೂ ಆಗಲಿಲ್ಲ.

ಬಾಯಿ ಮುಚ್ಚಿಕೊಂಡೆ. ಯಾಕೆ ಎಂದು ನೀನು ಕೇಳುತ್ತೀಯ. ಹೇಳಿದ ಕೂಡಲೇ ಆ ಕಣ್ಣೀರು ಒಣಗುತ್ತದೆ. ಸಿಡಿಲ ಕಂಬಿಯ ಮೇಲೆ ಪದ್ಯ ಬರೆದವಳು ಮಾಡಿದ್ದು ಎಂದರೆ, ಇದೂ ಚೆನ್ನಾಗಿ ಕಟ್ಟಿದ್ದೇ ಆಗುತ್ತದೆ. ಯಾರದೂ ಅಲ್ಲದಿದ್ದರೆ ಮಾತ್ರ ಅವರಿಗೆ ಅದು ಬೇಕು. ಅವರೇ ಓದಿ, ಅವರೇ ಆರಿಸಿ ಹಾಕಬೇಕೆಂದು ನಾನು ಬೇಡಿಕೊಂಡಿದ್ದೆನಲ್ಲ? ಆಗಿಹೋಯಿತು. ಸಂಕಲನದ ಮೊದಲನೆಯ ಪುಟದಲ್ಲೇ ಬರುತ್ತದೆ. ಹೊಗಳಿಕೆ ಮಾತ್ರ ಸಿಡೋನಿಗೆ, ಕೇಳಿಸಿಕೊಂಡವಳು ಅವಳು. ಅವರು ನನ್ನ ಹಾಡಿಗೆ ಅತ್ತರು, ಕರವಸ್ತ್ರ ಕೊಟ್ಟವಳು ಅವಳು.

ಡಾರ್ಟೆಯನ್ನು ಹಿಡಿದು ಕೇಳಿದೆ. ಆಲೂಗಡ್ಡೆ ಹೆರೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಅಜ್ಜಿ ಹಾಡೇ ಬೇಕು ಅಂತ ಧಣಿಗಳೂ ಸಿಡೋನಿ ಅಮ್ಮನೂ ಪಟ್ಟು ಹಿಡಿದ್ರು ಅಮ್ಮಾವ್ರೇ. ನಮ್ಮಜ್ಜಿಗೆ ಬರ್ತಿದ್ದಿದ್ದು ಒಂದೇ ಹಾಡು. ಅದು ಸಿಪಾಯಿಗಳದ್ದು, ಮರ್ಯಾದಸ್ಥರ ಮುಂದೆ ಹೇಳೋ ಹಾಗಿಲ್ಲ. ನಾಟಕದ್ದು ಎರಡು ಹಾಡಿದೆ, ಅದು ಬೇಡ ಅಂತ ಮೂಗು ಮುರಿದ್ರು. ಇದನ್ನ ಹಾಡಿದ್ದೇ ಇಬ್ಬರೂ ಎದ್ದು ನಿಂತ್ಕೊಂಡ್ರು. ಯಾರ ಹತ್ರ ಕಲಿತೆ, ಅಜ್ಜಿ ಹತ್ರ ತಾನೆ ಅಂದ್ರು. ಅಷ್ಟು ಆಸೆಯಿಂದ ಕೇಳ್ತಾ ಇದ್ರು, ಇಲ್ಲ ಅನ್ನಕ್ಕೆ ಮನಸ್ಸು ಬರ್ಲಿಲ್ಲ."

ಅವಳನ್ನು ಬೈಯಲು ನನಗೂ ಮನಸ್ಸು ಬರಲಿಲ್ಲ.

ಇನ್ನೊಂದು ವಿಷಯವಿದೆ, ಅದು ಮುಳ್ಳಿನ ಹಾಗೆ ಒಳಗೇ ಕುಳಿತಿದೆ. ಡಾರ್ಟೆ ಮೂರನೆಯ ಚರಣವನ್ನೂ ಹಾಡಿದ್ದಾಳೆ. ಅದನ್ನು ನಾನು ಕಾಸ್ಪರನಿಗೆ ಎಂದೂ ಹಾಡಿಲ್ಲ. ಲೋರೆಗೆ ಜ್ವರ ಏರಿದ ಆ ಕೊನೆಯ ದಿನಗಳಲ್ಲಿ ಬಂದದ್ದು:

ಅಪ್ಪ ನೀಡಿದ ಗಡಿಯಾರದಲಿ
ಉಸಿರನೆಣಿಸುತ ಕುಳಿತೆ ನಾನು.
ಒಂದು ಬಂದಿತು, ಒಂದು ಹೋಯಿತು,
ಮುಂದಿನುಸಿರಿಗೆ ಕಾದೆ.

ಕೂಟ ಇದನ್ನು ತೆಗೆದುಹಾಕಿದೆ. ಕಾರಣವನ್ನು ಲುಡೋಲ್ಫ್ ನಗುತ್ತ ಹೇಳಿದರು: "ಮೂರನೇದು ಒಂದಿತ್ತು, ಕಸ. ಯಾವನೋ ಅರೆಬರೆ ಓದಿದ ಹಳ್ಳಿ ಮೇಷ್ಟ್ರು ಆಮೇಲೆ ಅಂಟಿಸಿದ್ದು. ಜನ ಎಣಿಸಲ್ಲ ಮಿನ್ನಾ, ಜನ ಅನುಭವಿಸ್ತಾರೆ." ಸಿಡೋನಿಯ ಬುದ್ಧಿಯೇ ಇದು, ನನಗೆ ಅನುಮಾನವೇ ಇಲ್ಲ. ಮಗು ಹೆತ್ತವಳಾಗಿದ್ದರೆ ಎಣಿಸುವುದು ಏನೆಂದು ಗೊತ್ತಿರುತ್ತಿತ್ತು.

ಹೇಳಿಬಿಡು ಎಂದು ನೀನು ಬರೆಯುತ್ತೀಯ, ಗೊತ್ತು. ಬರೆ. ಧೈರ್ಯ ಬರಲಿ. ನಿನಗೂ ಅಪ್ಪನಿಗೂ ಒಳ್ಳೆಯ ಬೇಸಿಗೆಯಾಗಲಿ.

ನಿನ್ನ
ಮಿನ್ನಾ

ಮರೆತ ಮಾತು: ಸಿಡೋನಿ ನಿನ್ನೆ ಕಾಸ್ಪರನನ್ನು ಎತ್ತಿಕೊಂಡು ನನ್ನ ಹಾಡನ್ನೇ ಹಾಡಿದಳು. ಅವನು ಮಲಗಿಬಿಟ್ಟ. ಕೃತಘ್ನ.


ಯೇನಾ,
ಅಕ್ಟೋಬರ್ 26, 1800

ಪ್ರೀತಿಯ ಹೆನ್ನಿ ಅಕ್ಕ,

ಮರಸೇಬಿನ ಬುಟ್ಟಿ ತಲುಪಿತು. ಒಂದೂ ಕೊಳೆತಿರಲಿಲ್ಲ. ಪ್ರತಿ ಹಣ್ಣನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದ್ದು ಅಪ್ಪನ ಕೆಲಸವೇ ಎಂದು ನೋಡಿದ ಕೂಡಲೇ ಗೊತ್ತಾಯಿತು. 'ಹೇಳಿಬಿಡು' ಎಂಬ ನಿನ್ನ ನಾಲ್ಕು ಕಾಗದಗಳಿಗೂ ಉತ್ತರ ಬರೆಯದೆ ಇದ್ದದ್ದು ಮುನಿಸಿನಿಂದಲ್ಲ. ಉತ್ತರವೇ ಇರಲಿಲ್ಲ. ಈಗ ಇದೆ, ಕೇಳು.

ಆಗಸ್ಟ್‌ನಲ್ಲಿ ಅಚ್ಚಿನ ಕರಡು ಬಂತು. ಮೊದಲ ಪುಟದಲ್ಲಿ ಎರಡು ಚರಣ, ಕೆಳಗೆ 'ಜನರ ಬಾಯಿಂದ' ಎಂದು ಚಿಕ್ಕ ಅಕ್ಷರ, ಅದರ ಕೆಳಗೆ ಖಾಲಿ ಜಾಗ. ಕಾಸ್ಪರ್ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದ. ಆ ಖಾಲಿ ಜಾಗ ನೋಡುತ್ತಾ ನನಗೆ ಏನಾಯಿತೋ. ಹೆಸರು ಬೇಡ, ಹೊಗಳಿಕೆ ಬೇಡ, ಅದನ್ನೆಲ್ಲ ಆ ಮುದುಕಿಯೇ ಇಟ್ಟುಕೊಳ್ಳಲಿ, ಆದರೆ ಲೋರೆಯ ಚರಣ ಕಸವಲ್ಲ ಎಂದು ಅನ್ನಿಸಿತು. ಅಂಚಿನಲ್ಲಿ ಬಾಣದ ಗುರುತು ಹಾಕಿ ನಾಲ್ಕು ಸಾಲನ್ನೂ ಬರೆದೆ. ನಾನು ತಿದ್ದಿದ ಕರಡನ್ನು ಲುಡೋಲ್ಫ್ ಮತ್ತೆ ನೋಡುವುದಿಲ್ಲ, ರುಜು ಹಾಕಿ ಕಳಿಸುತ್ತಾರೆ. ಅಷ್ಟು ನಂಬಿಕೆ ನನ್ನ ಮೇಲೆ. ನನ್ನ ಅಲ್ಪವಿರಾಮಗಳ ಮೇಲೆ.

ಹೋದ ಭಾನುವಾರಕ್ಕೆ ಹಿಂದಿನ ಭಾನುವಾರ ಪುಸ್ತಕಗಳ ಗಂಟು ಬಂತು. ಮಧ್ಯಾಹ್ನದ ಕಾಫಿಗೆ ಕೂಟ ಸೇರಿತ್ತು. ಪ್ಲಮ್ ಹಣ್ಣಿನ ರೊಟ್ಟಿ ಮಾಡಿದ್ದೆ, ಮೆರ್ಟೆನ್ಸ್ ಒಬ್ಬರೇ ಅರ್ಧ ತಿಂದರು. ಲುಡೋಲ್ಫ್ ಹಾಳೆ ಬಿಡಿಸಿ ನಿಂತು ಓದತೊಡಗಿದರು. ಎರಡು ಚರಣ ಬಾಯಿಪಾಠವೇ ಆಗಿತ್ತು. ಅದೇ ಧಾಟಿಯಲ್ಲಿ ಕಣ್ಣು ಕೆಳಗೆ ಜಾರಿ ಮೂರನೆಯದನ್ನೂ ಓದಿಬಿಟ್ಟರು. 'ಮುಂದಿನುಸಿರಿಗೆ ಕಾದೆ' ಎಂದ ಮೇಲೆ ನಿಂತರು. ಒಂದು ಗಳಿಗೆ ಮೆರ್ಟೆನ್ಸ್ ರೊಟ್ಟಿ ಅಗಿಯುವುದನ್ನೂ ಮರೆತರು. ಆ ಗಳಿಗೆ ನನಗೆ ಸಾಕಾಗಿತ್ತು ಅಕ್ಕ, ಅಲ್ಲಿಗೇ ಮುಗಿದಿದ್ದರೆ.

ಮೆರ್ಟೆನ್ಸ್ ನಕ್ಕರು. "ಬೆಟ್ಟದ ಅಜ್ಜಿ ಸೊಂಟಕ್ಕೆ ಗಡಿಯಾರ ಎಲ್ಲಿಂದ ಬಂತಪ್ಪಾ?"

ಲುಡೋಲ್ಫ್ ನನ್ನ ಸೊಂಟ ನೋಡಿದರು. ಈಗ ತಿಳಿಯಿತು, ಈಗ ಎಲ್ಲ ತಿಳಿಯಿತು ಎಂದುಕೊಂಡೆ. ಅವರ ಮುಖ ಮೆಲ್ಲಗೆ ಕಪ್ಪಿಟ್ಟಿತು. ಕೂಟದ ಕಡೆ ತಿರುಗಿ, ಎಲ್ಲರೂ ಕ್ಷಮಿಸಬೇಕು, ಕರಡು ತಿದ್ದಿದ್ದು ನನ್ನ ಹೆಂಡತಿ ಎಂದರು. "ನೂರಾರು ವರ್ಷ ಜನರ ಬಾಯಲ್ಲಿ ಬೆಳೆದ ಹಾಡು. ಅದಕ್ಕೆ ಹೋಗಿ ಇವಳು ಗಡಿಯಾರ ನೇತುಹಾಕಿದ್ದಾಳೆ. ತಂದೆ ಖಗೋಳದವರು ನೋಡಿ, ಇವಳಿಗೆ ಎಣಿಸದೆ ಇರಕ್ಕಾಗಲ್ಲ."

ಆ ಕಸವನ್ನು ಹುಡುಕಿ ತಂದು ಅಂಟಿಸಿದವಳು ನಾನು ಎಂದುಕೊಂಡರು! ಅಷ್ಟೇ ಅವರಿಗೆ ಹೊಳೆದದ್ದು. ನನಗೆ ನಗು ಬಂತೋ ಅಳು ಬಂತೋ, ಕೈಯಲ್ಲಿದ್ದ ಚಾಕು ಕೆಳಗಿಟ್ಟೆ.

"ಮೂರೂ ಒಬ್ಬರದೇ" ಎಂದೆ. "ಡಾರ್ಟೆಯನ್ನ ಕೇಳಿ."

ಡಾರ್ಟೆ ಕಾಸ್ಪರನನ್ನು ಎತ್ತಿಕೊಂಡೇ ಬಾಗಿಲಲ್ಲಿ ನಿಂತಳು. ಲುಡೋಲ್ಫ್ ಕೇಳಿದರು, ಮೆರ್ಟೆನ್ಸ್ ಕೇಳಿದರು, ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

"ನಮ್ಮ ಅಮ್ಮಾವ್ರದ್ದು ಧಣೀ. ಲೋರೆ ಪಾಪುಗೆ ಹಾಡ್ತಿದ್ರು. ಮೂರನೇದು ಪಾಪುಗೆ ಹುಷಾರಿಲ್ಲದಾಗ. ನೀವು ಅಜ್ಜೀದೇ ಬೇಕು ಅಂದ್ರಿ."

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಎಲ್ಲರೂ ನನ್ನನ್ನು ಹೊಗಳಿದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಮೆರ್ಟೆನ್ಸ್ ಪುಸ್ತಕ ಇಸಕೊಂಡು ಮತ್ತೆ ಓದಿದರು. ಮೊದಲು ಗಮನಿಸಿರಲಿಲ್ಲ, ದೀಪ ಮಾತಾಡುವುದು ಸ್ವಲ್ಪ ಕೃತಕ ಎಂದರು. ಬೇಸಿಗೆಯಲ್ಲಿ ಅದೇ ದೀಪವನ್ನು ಹೊಗಳಿ ಅವರು ಎರಡು ಪುಟ ಬರೆದಿದ್ದರು. ಲುಡೋಲ್ಫ್ ಕಿಟಕಿಯ ಹೊರಗೆ ನೋಡುತ್ತಿದ್ದರು, ಯಾರೋ ಆಪ್ತರು ಈಗಷ್ಟೇ ತೀರಿಕೊಂಡ ಹಾಗೆ. ನಿಜವಾಗಿ ತೀರಿಕೊಂಡಿದ್ದಳು, ಆ ಬೆಟ್ಟದ ಮುದುಕಿ.

ಹೊರಡುವಾಗ ಸಿಡೋನಿ ನನ್ನ ಬಳಿ ಬಂದಳು. ಏನೋ ಕುಟುಕುತ್ತಾಳೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅವಳು ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: "ಮೂರನೇದೇ ಎಲ್ಲಕ್ಕಿಂತ ಚೆನ್ನಾಗಿರೋದು. ನಾನು ಅದನ್ನ ಬರಕೊಂಡಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ತೆಗೀಬೇಕು ಅಂತ ಹಟ ಮಾಡಿದ್ದು ಲುಡೋಲ್ಫ್. ನಾನು ಇರಲಿ ಅಂದೆ." ಆಮೇಲೆ ಕೆಮ್ಮಿದಳು. ಕರವಸ್ತ್ರವನ್ನು ಬೇಗ ಮಡಿಸಿಕೊಂಡಳು, ಆದರೂ ಅದರ ಮೇಲಿನ ಕೆಂಪು ನನಗೆ ಕಂಡಿತು. ಅವಳನ್ನು ದ್ವೇಷಿಸುವುದು ಆ ಗಳಿಗೆಯಿಂದ ಕಷ್ಟವಾಗಿದೆ. ಅದಕ್ಕೂ ಅವಳ ಮೇಲೆಯೇ ಕೋಪ. ಇಷ್ಟು ತಿಂಗಳು ಅಚ್ಚುಕಟ್ಟಾಗಿ ಸಾಕಿಕೊಂಡಿದ್ದ ಹೊಟ್ಟೆಕಿಚ್ಚನ್ನು ಈಗ ಎಲ್ಲಿ ಕೂರಿಸಲಿ?

ಎಲ್ಲ ಹೋದ ಮೇಲೆ ಲುಡೋಲ್ಫ್ ಬಂದು ನನ್ನ ಪಕ್ಕದಲ್ಲಿ ಕುಳಿತರು. ಅವರು ಕೆಟ್ಟವರಲ್ಲ, ನಿನಗೆ ಗೊತ್ತಿದೆ. ನೀನು ನನಗೆ ಹೇಳಬಹುದಿತ್ತು ಎಂದರು. ಹೌದು, ಹೇಳಬಹುದಿತ್ತು ಎಂದೆ. ತುಂಬ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಕೊನೆಗೆ ಎದ್ದು ನಿಂತು, "ಚೆನ್ನಾಗಿ ಕಟ್ಟಿದ್ದೀಯ ಮಿನ್ನಾ" ಎಂದು ಮೇಲೆ ಹೋದರು. ಉಣ್ಣೆಯ ಬಾಗಿಲು ಮುಚ್ಚಿಕೊಳ್ಳುವ ಸದ್ದೂ ಬರುವುದಿಲ್ಲ, ಒಳ್ಳೆಯ ಬಡಗಿಯ ಕೆಲಸ ಅದು.

ಆದರೆ ಅದಾದ ಮೇಲೆ ಅವರು ಮೂರು ದಿನ ಊಟಕ್ಕೂ ಸರಿಯಾಗಿ ಇಳಿಯಲಿಲ್ಲ. ಗುರುವಾರ ಒಂದು ದೀರ್ಘ ಪದ್ಯ ಹಿಡಿದು ಬಂದರು. ಲೋರೆಯ ಮರಣದ ಮೇಲೆ. ನನ್ನ ಮೂರನೆಯ ಚರಣ ಅವರೊಳಗೆ ಏನನ್ನೋ ಒಡೆದುಹಾಕಿತಂತೆ. ಓದುತ್ತ ಓದುತ್ತ ಬಿಕ್ಕಿ ಬಿಕ್ಕಿ ಅತ್ತರು. ಕೂಟದಲ್ಲಿ ಓದಿದಾಗಲೂ ಅತ್ತರು, ಮೆರ್ಟೆನ್ಸ್ ಅತ್ತರು, ಸಿಡೋನಿ ಎದ್ದು ಹೊರಗೆ ಹೋದಳು. ಅವರು ಬರೆದದ್ದರಲ್ಲೇ ಇದು ದೊಡ್ಡದು ಎಂದು ಎಲ್ಲರ ಅಭಿಪ್ರಾಯ. ಲೈಪ್ಸಿಕ್‌ನ ಒಂದು ಪತ್ರಿಕೆ ಆಗಲೇ ಕೇಳಿ ತರಿಸಿಕೊಂಡಿದೆ. ಪದ್ಯದ ತಲೆಯ ಮೇಲೆ 'ನನ್ನ ಮಿನ್ನಾಳಿಗೆ' ಎಂದು ಬರೆದಿದ್ದಾರೆ. ಅಪ್ಪನಿಗೆ ಇದನ್ನು ಹೇಳು, ಸಂತೋಷಪಡುತ್ತಾರೆ.

ಕಾಸ್ಪರ್ ಕುರ್ಚಿ ಹಿಡಿದು ನಿಲ್ಲುತ್ತಾನೆ. ಬಿದ್ದರೆ ಮೊದಲು ನನ್ನ ಮುಖ ನೋಡಿ ಆಮೇಲೆ ಅಳಬೇಕೋ ಬೇಡವೋ ತೀರ್ಮಾನ ಮಾಡುತ್ತಾನೆ. ಚಳಿಗೆ ಮುಂಚೆ ಅಪ್ಪನನ್ನು ಕರೆದುಕೊಂಡು ಬಾ, ಆ ಹೊಸ ಕಣ್ಣಿಂದ ಮೊಮ್ಮಗನನ್ನು ನೋಡಲಿ. ದೇವರು ನಿಮ್ಮನ್ನು ಕಾಯಲಿ, ನಿಮ್ಮಿಬ್ಬರಿಗೂ ಕಣ್ತುಂಬ ನಿದ್ದೆ ಕೊಡಲಿ.

ನಿನ್ನ
ಮಿನ್ನಾ

ಮರೆತ ಮಾತು: ಇದನ್ನು ಅಪ್ಪನಿಗೆ ಓದಬೇಡ. ಲುಡೋಲ್ಫರ ಪದ್ಯದಲ್ಲಿ ಲೋರೆ ಬೆಳದಿಂಗಳಲ್ಲಿ ಸಾಯುತ್ತಾಳೆ. ಕಿಟಕಿಯಲ್ಲಿ ಚಂದ್ರ, ಹೊರಗೆ ಗೂಬೆ, ತೊಟ್ಟಿಲ ಪಕ್ಕದಲ್ಲಿ ಮಂಡಿಯೂರಿ ಅಳುತ್ತಿರುವ ತಂದೆ. ಅಕ್ಕ, ಅವಳು ಹೋದದ್ದು ನಡುಮಧ್ಯಾಹ್ನ. ಒಗೆಯುವ ದಿನ, ಹಗ್ಗದ ತುಂಬ ಬಟ್ಟೆ. ಡಾರ್ಟೆ ಹಿತ್ತಲಲ್ಲಿ ಬಟಾಣಿ ಸುಲಿಯುತ್ತಿದ್ದಳು. ಬಿಸಿಲು ತೊಟ್ಟಿಲವರೆಗೂ ಬಂದಿತ್ತು, ಅವಳ ಕಣ್ಣಿಗೆ ಬೀಳದ ಹಾಗೆ ನಾನು ಅಡ್ಡ ಕುಳಿತಿದ್ದೆ. ಅವರು ಮೇಲೆ, ಆ ಬಾಗಿಲ ಹಿಂದೆ, 'ಉಪಯುಕ್ತ ಸಂಜೆ'ಗೆ 'ತಂದೆತಾಯಿಯರಿಗೆ ಸಮಚಿತ್ತ' ಎಂಬ ಲೇಖನ ಬರೆಯುತ್ತಿದ್ದರು. ಕರೆದಾಗ ಇಳಿದು ಬಂದರು. ನೋಡಿದರು. "ವಿವೇಕದಿಂದ ಇರೋಣ ಮಿನ್ನಾ" ಎಂದರು. ಆಗ ಅದೇ ದೊಡ್ಡತನ. ಅವರ ಮುಂದೆ ಅಳಲು ನಾಚಿಕೆಯಾಗಿ ನಾನೂ ಅಳಲಿಲ್ಲ, ಹೊರಗೆ ಹೋಗಿ ಬಟ್ಟೆ ತೆಗೆದುಕೊಂಡು ಬಂದೆ. ಕಣ್ಣೀರಿಗೆ ಕಾಲ ಬಂದದ್ದು ಆಮೇಲೆ. ನನ್ನ ಮಗಳು ಎರಡು ವರ್ಷ ಬೇಗ ಸತ್ತಳು. ಸಿಡೋನಿಯ ಹಕ್ಕಿ ಸರಿಯಾದ ಹೊತ್ತಿಗೆ ಸತ್ತಿತು. ನನ್ನ ಹೊಟ್ಟೆಕಿಚ್ಚು ಇಷ್ಟು ದಿನ ಅವಳ ಮೇಲೆ ಅಂದುಕೊಂಡಿದ್ದೆ, ಆ ಹಕ್ಕಿಯ ಮೇಲೆ ಎಂದು ಈಗ ಗೊತ್ತಾಗಿದೆ. ಲೋರೆಯ ಕೊನೆಯ ಉಸಿರು ಹೋದದ್ದು ಎಷ್ಟು ಹೊತ್ತಿಗೆ ಎಂದು ಗಡಿಯಾರ ನೋಡಿದವಳು ನಾನೊಬ್ಬಳೇ. ಅವರು ಅಂದೂ ಕೇಳಲಿಲ್ಲ, ಇಷ್ಟು ದೊಡ್ಡ ಪದ್ಯ ಬರೆಯುವಾಗಲೂ ಕೇಳಲಿಲ್ಲ. ಕರಡು ಮುಂದಿನ ವಾರ ನನ್ನ ಮೇಜಿಗೆ ಬರುತ್ತದೆ. ಚಂದ್ರನಿಗೆ ಅಡ್ಡಗೆರೆ ಎಳೆದು ಅಂಚಿನಲ್ಲಿ 'ಮಧ್ಯಾಹ್ನ' ಎಂದು ಬರೆಯುತ್ತೇನೆ. ಈ ಸಲ ರುಜು ಹಾಕುವ ಮೊದಲು ಹಾಳೆಯನ್ನು ಅವರ ಕಣ್ಣ ಮುಂದೆ ಹಿಡಿಯುತ್ತೇನೆ. ಯಾಕೆ ಎಂದು ಅವರು ಕೇಳಲೇಬೇಕಾಗುತ್ತದೆ.